ಶಾಂಭವಿಯ ನೆರಳ ಫೋಟೋ

ಬೆಳಗಿನ ಆರು ಗಂಟೆ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಹಾಲಿನವನ ಗಾಡಿ ಬಿಟ್ಟರೆ ಬೇರೆ ಸದ್ದಿಲ್ಲ. ಬಿಂದುಮಾಧವ ಅವರ ಫೋಟೋ ಸ್ಟುಡಿಯೊದ ಶಟರ್ ಅರ್ಧ ಮಾತ್ರ ಎದ್ದಿದೆ. ಬಗ್ಗಿಕೊಂಡು ಒಳಗೆ ಹೋದರೆ ಹಿಂದಿನ ಕೋಣೆಯಲ್ಲಿ ಶಾಂಭವಿ ಬಳಿಗಾರ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಎಡಗೈಯಲ್ಲಿ ಚಹಾದ ಕಪ್ಪು, ಬಲಗೈಯಲ್ಲಿ ಮೌಸ್. ಪರದೆಯ ಮೇಲೆ ಚೀಲ ಹೊತ್ತ ಗಂಡಸಿನ ಆಕಾರವೊಂದು ನಿಂತಿದೆ. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ, ಇರುವುದು ಹೊರಗೆರೆ ಮಾತ್ರ. ಆ ಗೆರೆಯೊಳಗೆ ಪುಟ್ಟ ಪುಟ್ಟ ಫೋಟೋಗಳು ಒತ್ತೊತ್ತಾಗಿ ಕೂತಿವೆ. ಮೆಣಸಿನಕಾಯಿ ರಾಶಿ, ತಕ್ಕಡಿ, ಲಾರಿ, ಬೀಡಿ ಸೇದುವವರು, ನಗುವವರು, ಚೀಲಕ್ಕೊರಗಿ ನಿದ್ದೆ ಹೊಡೆಯುವವರು.

“ಕೂಡ್ರಿ, ಏನ್ ಕೇಳ್ತೀರಿ ಕೇಳ್ರಿ. ಕೈ ಮಾತ್ರ ನಿಲ್ಲಂಗಿಲ್ಲ ನೋಡ್ರಿ. ಹತ್ತಕ್ಕ ಅಮರಗೋಳದಾಗ ಸನ್ಮಾನ ಐತಿ,” ಎನ್ನುತ್ತಾರೆ ಶಾಂಭವಿ, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗದೆ.

ಗಿರಾಕಿಗಳು ಇದಕ್ಕೆ ‘ನೆರಳ ಫೋಟೋ’ ಎನ್ನುತ್ತಾರೆ. ಮನುಷ್ಯನ ಆಕಾರವನ್ನು ಫೋಟೋದಿಂದ ಕತ್ತರಿಸಿ ತೆಗೆದು, ಅದರ ಹೊಟ್ಟೆಯೊಳಗೆ ಅವನ ಬದುಕಿನ ಚಿತ್ರಗಳನ್ನು ತುಂಬುವ ಕೆಲಸ. ಈಗ ಫೋನೂ ಇದನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಡಿಕೊಡುತ್ತದಂತೆ. ನಾನೂ ಮಾಡಿ ನೋಡಿದೆ. ನನ್ನ ಎರಡೂ ಕಿವಿಗಳು ಗೋಡೆಗೆ ಸೇರಿದವೆಂದು ತಿಳಿದು ಕತ್ತರಿಸಿ ಎಸೆದಿತ್ತು, ಪುಣ್ಯಾತ್ಮ!

ಶಾಂಭವಿಯ ತಂದೆ ಕುಬೇರಪ್ಪ ಇದೇ ಓಣಿಯಲ್ಲಿ ಬಳೆ ಮಾರುತ್ತಿದ್ದರು. ಪಿಯುಸಿ ಮುಗಿಸಿದ ಮಗಳು ಲಗ್ನಪತ್ರಿಕೆ ಟೈಪ್ ಮಾಡಲು ಈ ಸ್ಟುಡಿಯೊಗೆ ಬಂದಳು. ಫೋಟೋ ತಿದ್ದುವ ಕೆಲಸ ಆಗ ಇನ್ನೊಬ್ಬನ ಕೈಯಲ್ಲಿತ್ತು. ಮಹಾನುಭಾವ ಯಾರಿಗೂ ಕಲಿಸುತ್ತಿರಲಿಲ್ಲ, ಪರದೆಯನ್ನೂ ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದ. “ಅವನ ಹಿಂದ ಗ್ವಾಡಿಮ್ಯಾಲೆ ದೊಡ್ಡ ಗಾಜಿನ ಫ್ರೇಮ್ ಇತ್ರಿ. ಅದ್ರಾಗ ಪರದೆ ಉಲ್ಟಾ ಕಾಣತಿತ್ತು. ಅದನ್ನ ನೋಡ್ಕೋತ ನೋಡ್ಕೋತ ಕಲತೆ. ಅಂವಾ ಬಿಟ್ಟು ಹೋದ ಮ್ಯಾಲೆ ಇಲ್ಲಿ ಕೂತ್ರ ಎಲ್ಲಾ ಎಡಾ ಬಲಾ ಆಗಿಬಿಟ್ಟಿತ್ತು!” ಹೇಳಿಕೊಂಡು ಅವರೇ ನಗುತ್ತಾರೆ. ಈಗ ಅವರಿಗೆ ನಲವತ್ತು ದಾಟಿದೆ. ಹಗಲೆಲ್ಲ ಪಾಸ್‌ಪೋರ್ಟ್ ಫೋಟೋ, ಹುಟ್ಟುಹಬ್ಬದ ಫ್ಲೆಕ್ಸ್, ಮುಖಂಡರ ಮುಖದ ಕಲೆ ಅಳಿಸುವುದು. ಸಂಜೆಗೆ ಕಣ್ಣು ಉರಿಯುತ್ತದೆ, ಬೆರಳು ಸೆಟೆಯುತ್ತದೆ. ನೆರಳ ಫೋಟೋ ಬಂತೆಂದರೆ ಮಾತ್ರ ಬೆಳಗಾಗುತ್ತಲೇ ಓಡಿ ಬರುತ್ತಾರೆ.

ಅದಕ್ಕೆ ಅವರದೇ ಎರಡು ಕಟ್ಟಳೆಗಳಿವೆ. ಒಂದು, ಫೋಟೋಗಳ ಹಿಂದಿನ ಆಕಾರಕ್ಕೆ ಕಪ್ಪು ಬಣ್ಣ ಹಾಕುವುದಿಲ್ಲ. ಮೊದಲ ಸಲ ಮಾಡಿದ ನವದಂಪತಿಯ ಚಿತ್ರ, ಲಗ್ನದ ಮನೆಗೆ ಕರಿ ನೆರಳು ತಂದಿರೆಂದು ಬೈಗುಳ ಸಮೇತ ವಾಪಸ್ ಬಂದಿತ್ತು. ಇಳಕಲ್ ಸೀರೆಯ ಕೆಂಪು, ಅರಿಶಿನ, ನವಿಲುಗರಿ ಬಣ್ಣ, ಏನಾದರೂ ಆದೀತು. ಇನ್ನೊಂದು, ಬರೀ ಆಕಾರ ನೋಡಿ ಮನೆಯವರು ಗುರುತು ಹಿಡಿಯುವ ತನಕ ಪ್ರಿಂಟ್ ಹಾಕುವುದಿಲ್ಲ.

ಇವತ್ತಿನ ಆಕಾರ ಅಮರಗೋಳದ ಮಾರುಕಟ್ಟೆಯ ಹಮಾಲ ಉಳವಪ್ಪ ಅವರದು. ಆಯುಷ್ಯವೆಲ್ಲ ಚೀಲ ಹೊತ್ತು ಈಗ ಕೆಲಸ ಬಿಡುತ್ತಿದ್ದಾರೆ. ಜೊತೆಗಾರರಿಗೆ ಅವರನ್ನು ಸನ್ಮಾನಿಸುವ ಆಸೆ. ಆದರೆ ಆಸಾಮಿ ಸುಲಭದವರಲ್ಲ. ಬದುಕಿರುವಾಗ ತಮ್ಮ ಮುಖ ಗೋಡೆಗೆ ಏರಬಾರದು, ಅದು ಸತ್ತವರ ಜಾಗ ಎಂಬುದು ಅವರ ಹಟ. ಹಿಂದೊಮ್ಮೆ ದಲಾಲಿ ಅಂಗಡಿಯವರು ಪ್ರೀತಿಯಿಂದ ಅವರ ಮುಖದ ಫ್ಲೆಕ್ಸ್ ಕಟ್ಟಿಸಿದ್ದಾಗ, ಇವರೇ ಅದನ್ನು ಬಿಚ್ಚಿ ತಂದು ಮಳೆಗೆ ಶೇಂಗಾ ಚೀಲ ಮುಚ್ಚಿದ್ದರು! ಹಾಗಾಗಿ ಹಮಾಲರು ಗುಟ್ಟಾಗಿ, ಮುಖವಿಲ್ಲದ ಫೋಟೋ ಮಾಡಿಸಲು ಇಲ್ಲಿಗೆ ಬಂದರು.

ಶಾಂಭವಿಗೂ ಇದು ಸಣ್ಣ ಮಾತಲ್ಲ. ಫೋನು ಬಂದ ಮೇಲೆ ನೆರಳ ಫೋಟೋಗೆ ಗಿರಾಕಿ ಕಡಿಮೆಯಾಗಿದ್ದಾರೆ. “ಇದು ವಾಪಸ್ ಬಂತಂದ್ರ ನೆರಳ ಫೋಟೋ ಬಂದ್ ಮಾಡೂಣವಾ. ಪಾಸ್‌ಪೋರ್ಟ್ ಫೋಟೋ ತಕ್ಕೋತ ಆರಾಮ ಇರು,” ಎಂದು ಬಿಂದುಮಾಧವ ನಿನ್ನೆಯೇ ಹೇಳಿದ್ದಾರೆ. ಅವರು ಕೆಟ್ಟವರಲ್ಲ, ಅಂಗಡಿ ನಡೆಸಬೇಕಲ್ಲ.

ಏಳರ ಸುಮಾರಿಗೆ ಉಳವಪ್ಪನವರ ಹೆಂಡತಿ ರತ್ನವ್ವ ಬರುತ್ತಾರೆ. ಅವರೂ ಅದೇ ಮಾರುಕಟ್ಟೆಯಲ್ಲಿ ಕಾಳು ಹಸನು ಮಾಡುವವರು. ಗಂಡನ ಕಣ್ಣು ತಪ್ಪಿಸಿ ಬರುವುದಕ್ಕೆ ಇವತ್ತೇ ಆಗಿದ್ದು. ಶಾಂಭವಿ ಒಳಗಿನ ಫೋಟೋಗಳನ್ನೆಲ್ಲ ಮರೆಮಾಡಿ ಬರೀ ಕೆಂಪು ಆಕಾರವನ್ನು ಉಳಿಸುತ್ತಾರೆ.

“ಯಾರಿವ್ರು, ಹೇಳ್ರಿ ನೋಡೂಣು ಕಾಕು.”

ರತ್ನವ್ವ ಹತ್ತಿರ ಬಂದು ನೋಡುತ್ತಾರೆ, ಹಿಂದೆ ಸರಿದು ನೋಡುತ್ತಾರೆ. “ಯಾರೋ ಸಾಹುಕಾರ ಇದ್ದಂಗ ಅದಾನಲ್ಲ ಬೇ. ನಮ್ಮ ಮನಿಯಾವ್ರ ಫೋಟೋ ಎಲ್ಲೈತಿ?”

ಶಾಂಭವಿಯ ಮುಖ ಸಣ್ಣದಾಗುತ್ತದೆ. ತಪ್ಪು ಎಲ್ಲಾಗಿದೆ ಎಂದು ಅವರಿಗೆ ತಕ್ಷಣ ಹೊಳೆಯುತ್ತದೆ. ಹಮಾಲರು ತಂದ ಫೋಟೋದಲ್ಲಿ ಉಳವಪ್ಪನವರ ಕುತ್ತಿಗೆ ಮುಂದಕ್ಕೆ ಬಾಗಿ ಒಂದು ಕಡೆ ವಾಲಿತ್ತು. “ಸನ್ಮಾನದ ಫೋಟೋ, ತಲಿ ಎತ್ತಿ ನಿಂದರಲಿ ಅಂತ ನಾನ ನೆಟ್ಟಗ ಮಾಡಿದ್ನಿರಿ,” ಎನ್ನುತ್ತಾರೆ.

ರತ್ನವ್ವನಿಗೆ ನಗು ತಡೆಯಲಾಗುವುದಿಲ್ಲ. “ಹಿಂಗ ಸೆಟದ ನಿಂತ್ರ ಚೀಲ ನಿಂದರತೈತೇನವಾ? ಧಪ್ ಅಂತ ಬೀಳತೈತಿ. ಅವ್ರ ಕುತ್ತಿಗಿ ಹಿಂಗ,” ಎಂದು ತಮ್ಮ ಕುತ್ತಿಗೆ ವಾಲಿಸಿ ತೋರಿಸುತ್ತಾರೆ. “ಚೀಲ ಇಲ್ಲದಾಗೂ ಹಿಂಗ, ಉಣ್ಣೂವಾಗೂ ಹಿಂಗ. ಲಗ್ನಾದ ಹೊಸದಾಗ, ನನ್ನ ವಾರಿಗಣ್ಣಿಲೆ ನೋಡಾಕತ್ತಾರ ಅಂತ ನಾ ನಾಚಕೋತಿದ್ದೆ!”

ಅಷ್ಟರಲ್ಲಿ ಬಿಂದುಮಾಧವ ಬರುತ್ತಾರೆ. ವಿಷಯ ಕೇಳಿ ಹೌಹಾರುತ್ತಾರೆ. “ತಲಿ ಬಗ್ಗಿಸಿದಾಂವನ ಫೋಟೋ ಸನ್ಮಾನಕ್ಕ ಕೊಡೂದೇನು? ಮಂದಿ ಏನಂದಾರು? ಇದ್ದಂಗ ಪ್ರಿಂಟ್ ಹಾಕವಾ, ಹೊತ್ತಾಗೇದ.”

“ಸರ, ಹೇಂತಿಗೇ ಗುರ್ತು ಸಿಗದ ಫೋಟೋ ಯಾರ ಸಲುವಾಗಿ ಮಾಡೂದ್ರಿ?”

ಶಾಂಭವಿಯ ದನಿ ಏರುವುದಿಲ್ಲ. ಆದರೆ ಕೈ ಆಗಲೇ ಮೂಲ ಫೋಟೋ ತೆರೆದಿದೆ. ಹೆಗಲು, ಕುತ್ತಿಗೆ, ರುಮಾಲುಗಳ ಸುತ್ತ ಗೆರೆ ಮತ್ತೆ ಮೊದಲಿನಿಂದ ಸಾಗುತ್ತದೆ. ಆಕಾರ ಬದಲಾದರೆ ಒಳಗಿನ ಫೋಟೋಗಳೂ ಕದಲಬೇಕು. ಒಬ್ಬನ ಕಿವಿ ಹೋಗುತ್ತದೆ, ಇನ್ನೊಬ್ಬನ ಮೂಗು ಗೆರೆಯಾಚೆ ಬೀಳುತ್ತದೆ. ಒಂದೊಂದನ್ನೂ ಎತ್ತಿ ಕೂರಿಸಬೇಕು. ಬಿಂದುಮಾಧವ ಗಡಿಯಾರ ನೋಡುತ್ತಾ ಅತ್ತಿತ್ತ ತಿರುಗುತ್ತಾರೆ.

ಆಕಾರ ಸಿದ್ಧವಾದಾಗ ರತ್ನವ್ವ “ಹಾಂ, ಈಗ ಬಂದ್ರು ನೋಡು!” ಎಂದು ಚಪ್ಪಾಳೆ ತಟ್ಟುತ್ತಾರೆ. ಆದರೆ ಬಿಂದುಮಾಧವ ಹೇಳಿದ್ದರಲ್ಲೂ ಹುರುಳಿದೆ. ಭಾರಕ್ಕೆ ಕುಗ್ಗಿದ ಮನುಷ್ಯನಂತೆ ಕಾಣುತ್ತಿದೆ. ಶಾಂಭವಿ ಪರದೆಯನ್ನು ಮೂಲೆಯಿಂದ ಮೂಲೆಗೆ ನೋಡುತ್ತಾರೆ. ಸನ್ಮಾನದ ಫೋಟೋ ಎಂದ ಮೇಲೆ ಮೇಲಿನ ಮೂಲೆಯಲ್ಲಿ ದೇವರು ಇರಲೇಬೇಕು. ಉಳವಪ್ಪನವರು ಯಾರ ಹೆಸರು ಹೊತ್ತಿದ್ದಾರೋ ಆ ಉಳವಿ ಚನ್ನಬಸವಣ್ಣ ಅಲ್ಲಿ ಪುಟ್ಟದಾಗಿ ಕೂತಿದ್ದಾನೆ. ಶಾಂಭವಿ ಅವನನ್ನು ಮೂಲೆಯಿಂದ ಎಳೆದು ತಂದು, ದೊಡ್ಡದು ಮಾಡಿ, ಚೀಲದ ಆಕಾರದೊಳಗೆ ಇಳಿಸಿಬಿಡುತ್ತಾರೆ.

ಅದೇ ಬಾಗಿದ ಕುತ್ತಿಗೆ, ಅದೇ ಭಾರ. ಈಗ ಕುಗ್ಗಿದವನು ಕಾಣುತ್ತಿಲ್ಲ.

“ಪಲ್ಲಕ್ಕಿ ಹೊತ್ತವರು ಎದಿ ಸೆಟಿಸಿ ನಡೀತಾರೇನ್ರಿ ಸರ?” ಎಂದು ಕೇಳುತ್ತಾರೆ ಶಾಂಭವಿ.

ಬಿಂದುಮಾಧವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. “ಲಗೂ ಪ್ರಿಂಟ್ ಹಾಕು. ಫ್ರೇಮ್ ನಾನ ಹೊಡೀತೇನಿ.”

ಅಮರಗೋಳದಲ್ಲಿ ಮಾಲಿನ ಹರಾಜು ಶುರುವಾಗುವ ಮೊದಲೇ ಜನ ಸೇರಿದ್ದಾರೆ. ಶಾಲು ಹೊದ್ದು ಕುರ್ಚಿಯಲ್ಲಿ ಕೂತ ಉಳವಪ್ಪ, ಬಟ್ಟೆ ಮುಚ್ಚಿದ ಫ್ರೇಮ್ ಕಂಡದ್ದೇ ಗುರ್ ಎನ್ನುತ್ತಾರೆ. “ಮತ್ತ ಫೋಟೋ ಮಾಡ್ಸೀರೇನಲೇ? ಬ್ಯಾಡಂದಿಲ್ಲೇನು ನಾನು!” ಬಟ್ಟೆ ಸರಿಯುತ್ತದೆ. ದೇವರನ್ನು ಕಂಡ ತಕ್ಷಣ ಅವರ ಕೈ ತಾನಾಗಿ ಮುಗಿಯುತ್ತದೆ. ಆಮೇಲೆ ಕಣ್ಣು ನಿಧಾನ ಕೆಳಗಿಳಿದು ಆ ಕುತ್ತಿಗೆಗೆ ಬಂದು ನಿಲ್ಲುತ್ತದೆ. ಮುಗಿದ ಕೈ ಬಿಟ್ಟು ತಮ್ಮ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಾರೆ.

“ಇಂವಾ... ನಾನ ಅಲ್ಲೇನು?”

ಅಲ್ಲಿಂದ ಹಮಾಲರನ್ನು ಹಿಡಿಯುವವರಿಲ್ಲ. ಎಲ್ಲರೂ ಮುಗಿಬಿದ್ದು ತಂತಮ್ಮ ಮುಖ ಹುಡುಕುತ್ತಾರೆ. “ಲೇ ಬೀರಲಿಂಗ, ನೀ ಕಾಕಾನ ಮೊಣಕಾಲಾಗ ಅದಿ ನೋಡಲೇ!” ಎಂದು ಒಬ್ಬ ಕೂಗುತ್ತಾನೆ. “ಅದಕ್ಕ ಅವ್ರ ಮೊಣಕಾಲ ನೋಯತಾವು!” ಎಂದು ಇನ್ನೊಬ್ಬ. ಆದರೆ ಶಾಂಭವಿ ಯಾರ ಕಡೆಯೂ ನೋಡುತ್ತಿಲ್ಲ, ಉಳವಪ್ಪನವರ ಬಾಯನ್ನೇ ನೋಡುತ್ತಿದ್ದಾರೆ.

“ಇದನ್ನ ಗ್ವಾಡಿಗೆ ಹಾಕಬಹುದು,” ಎನ್ನುತ್ತಾರೆ ಉಳವಪ್ಪ ಕೊನೆಗೆ. “ದೇವರ ಫೋಟೋ ಐತಿ. ಹೊತ್ತಾಂವ ಯಾರರೆ ಇರಲಿ.” ಕಣ್ಣೊರೆಸಿಕೊಂಡು ಕೇಳುತ್ತಾರೆ, “ಯಾರು ಮಾಡಿದ್ದಿದು?”

“ನಮ್ಮ ಸ್ಟುಡಿಯೊದಾಗ...” ಎಂದು ಅಭ್ಯಾಸದಂತೆ ಶುರುಮಾಡಿದ ಬಿಂದುಮಾಧವ ಅರ್ಧಕ್ಕೇ ನಿಲ್ಲಿಸುತ್ತಾರೆ. ಹಿಂದೆ ನಿಂತಿದ್ದ ಶಾಂಭವಿಯನ್ನು ಮುಂದೆ ಕರೆಯುತ್ತಾರೆ. “ಈಕಿ ಮಾಡಿದ್ದು. ಶಾಂಭವಿ. ನಾ ಬ್ಯಾಡ ಅಂದ್ರೂ ಕೇಳಲಿಲ್ಲ.” ಉಳವಪ್ಪ ತಮ್ಮ ಶಾಲು ತೆಗೆದು ಅವರ ಹೆಗಲಿಗೆ ಹೊದಿಸಿಬಿಡುತ್ತಾರೆ. ಮಾರುಕಟ್ಟೆಯೇ ಎದ್ದು ಬಂದಂತೆ ಚಪ್ಪಾಳೆ, ಸೀಟಿ!

ಮೆಣಸಿನಕಾಯಿ ದಲಾಲರೊಬ್ಬರು ತಮ್ಮ ತಾಯಿಯದೂ ಹೀಗೇ ಒಂದು ಬೇಕೆಂದು ಅಲ್ಲೇ ದುಂಬಾಲು ಬೀಳುತ್ತಾರೆ. ನೆರಳ ಫೋಟೋ ಬಂದ್ ಮಾಡುವ ಮಾತನ್ನು ಬಿಂದುಮಾಧವ ಮತ್ತೆ ಎತ್ತುವುದಿಲ್ಲ. ವಾಪಸ್ ಹೊರಟಾಗ ಗಾಡಿಯ ಹತ್ತಿರ ನಿಂತು, “ಇನ್ನ ಮುಂದ ಫೋಟೋದ ಮೂಲ್ಯಾಗ ನಿನ್ನ ಹೆಸರೂ ಹಾಕವಾ,” ಎನ್ನುತ್ತಾರೆ.

ಶಾಂಭವಿ ಶಾಲಿನ ಅಂಚು ಸರಿಮಾಡಿಕೊಳ್ಳುತ್ತಾರೆ.

“ಸಣ್ಣ ಅಕ್ಷರದಾಗ ಹಾಕತೇನ್ರಿ ಸರ. ಆದ್ರ ಹಾಕತೇನಿ.”