ನನ್ನ ಮಡಕೆಯಲ್ಲಿದ್ದ ಗಂಜಿ ತಿಳಿ

ಪುಟ್ಟತಾಯಿ, ನಾನು ಕುಡುಕನಲ್ಲ. ಯಾವತ್ತೂ ಆಗಿರಲಿಲ್ಲ. ಹಲಗೂರಿನಿಂದ ಮದ್ದೂರಿನವರೆಗೆ, ಎಷ್ಟು ಕುಡಿದರೂ ಅಲುಗಾಡದ ಗಟ್ಟಿಗ ಎಂದು ನನಗಿದ್ದ ಹೆಸರು ಸುಳ್ಳು. ಆ ಸುಳ್ಳನ್ನು ನಂಬಿ ನಿನ್ನ ಗಂಡ ಸಿದ್ದ ಕುಡಿದ, ಕುಡಿದು ಸತ್ತ. ಇದನ್ನು ನಿನಗೆ ಹೇಳಬೇಕಾಗಿತ್ತು — ಅವನು ಬದುಕಿದ್ದಾಗಲೇ ಹೇಳಬೇಕಾಗಿತ್ತು.

ನಮ್ಮ ಕಡೆಯ ಬೀಗರೂಟ ನಿನಗೆ ಗೊತ್ತೇ ಇದೆ. ಬಾಡೂಟಕ್ಕೆ ಎಲೆ ಹಾಕುವ ಮುಂಚೆ ಹೆಣ್ಣಿನ ಕಡೆಯ ಒಬ್ಬನನ್ನೂ ಗಂಡಿನ ಕಡೆಯ ಒಬ್ಬನನ್ನೂ ಎದುರುಬದುರು ಕೂರಿಸಿ ಹೆಂಡ ಕುಡಿಸುತ್ತಿದ್ದರು. ಯಾರು ಕೊನೆಗೆ ತಾನೇ ಎದ್ದು ಹೋಗಿ ಕೈ ತೊಳೆಯುತ್ತಾನೋ ಅವನ ಮನೆಯವರು ಗೆದ್ದ ಹಾಗೆ. ಕುಡಿಯದವನನ್ನು ಹೆಂಗಸರ ಸಾಲಿಗೆ ಕಳಿಸಿ ನಗಾಡುತ್ತಿದ್ದರು. ನನಗೋ ಹೆಂಡ ಒಂದು ಗುಟುಕು ಇಳಿದರೆ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬರುತ್ತಿತ್ತು. ಆದರೆ ಒಲ್ಲೆ ಎನ್ನುವ ಧೈರ್ಯ ಇರಲಿಲ್ಲ.

ಬೀಗರೂಟಗಳಿಗೆ ಹೆಂಡ ತಂದು ಬಡಿಸುತ್ತಿದ್ದ ಹೆಂಡದಂಗಡಿಯ ಮುನಿಯನನ್ನು ಹಿಡಿದೆ. ಅವನು ನನ್ನ ಮಡಕೆಗೆ ಅನ್ನದ ಗಂಜಿಯ ತಿಳಿ ತುಂಬಿ, ವಾಸನೆಗೆಂದು ಅಂಚಿಗೆ ಒಂದಿಷ್ಟು ಹೆಂಡ ಸವರಿ ಕೊಡುತ್ತಿದ್ದ. ನೋಡುವುದಕ್ಕೆ ಎರಡೂ ಒಂದೇ ಬಿಳುಪು. ಮುನಿಯನಿಗೂ ನಷ್ಟವಿರಲಿಲ್ಲ — ನನ್ನ ಸಮಕ್ಕೆ ಕುಡಿಯಲು ಹೋಗಿ ಉಳಿದವರು ಅವನ ಅಂಗಡಿ ಖಾಲಿ ಮಾಡುತ್ತಿದ್ದರು. ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ. ಈಚಲ ಹೆಂಡಕ್ಕೆ ಮಾತ್ರ ಬರ ಬರಲಿಲ್ಲ. ಗಂಜಿ ಕುಡಿದು, ಮೀಸೆ ಒರೆಸಿಕೊಂಡು ನಾನು ನೆಟ್ಟಗೆ ನಡೆದರೆ ಜನ ದಾರಿ ಬಿಡುತ್ತಿದ್ದರು. ಅದು ನನಗೆ ಇಷ್ಟವಾಗುತ್ತಿತ್ತು. ಬಹಳ ಇಷ್ಟವಾಗುತ್ತಿತ್ತು — ಅದನ್ನೂ ಮುಚ್ಚಿಡುವುದಿಲ್ಲ.

ಸಿದ್ದ ನನ್ನ ಹೆಂಡತಿಯ ತಮ್ಮ. ನಾನು ಅವರ ಮನೆಯ ಅಳಿಯನಾದಾಗಿನಿಂದ ನನ್ನ ಹಿಂದೆಯೇ ಓಡಾಡಿದವನು. ನಿನ್ನನ್ನು ಮದುವೆಯಾದ ಮೇಲೆ ಸ್ವಲ್ಪ ಕಾಲ ಹೆಂಡದಂಗಡಿಯ ಕಡೆ ತಲೆ ಹಾಕಲಿಲ್ಲ — ನಿನಗೆ ನೆನಪಿರಬಹುದು. ಆಗಲೇ ಒಂದು ಬೆಳಿಗ್ಗೆ ಬೆಲ್ಲದ ಗಾಡಿ ಹೊಡೆದುಕೊಂಡು ಇಬ್ಬರೂ ಮದ್ದೂರಿಗೆ ಹೋಗಿದ್ದೆವು. ಶಿಂಷೆಯಲ್ಲಿ ಎತ್ತುಗಳ ಮೈ ತೊಳೆಯುತ್ತ ಅವನು ಮೆಲ್ಲಗೆ ಬಾಯಿ ಬಿಟ್ಟ.

“ಬುಟ್ಬುಡಾನ ಅಂತಿವ್ನಿ ಭಾವ. ಅವ್ಳೂ ಅಳ್ತಾಳೆ. ಆದ್ರೆ ಎಲ್ರೂ ಆಡ್ಕತಾರೆ. ನೀನು ಅಷ್ಟ್ ಕುಡ್ದೂ ಎಂಗ್ ನೆಟ್ಟಗ್ ನಿಂತ್ಕತೀಯ?”

ಹತ್ತಿರದಲ್ಲಿ ಎತ್ತುಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಗಂಜಿ ಎಂಬ ಒಂದು ಮಾತು ಸಾಕಾಗಿತ್ತು. ನಗುತ್ತಿದ್ದ, ನನ್ನನ್ನು ಬೈಯುತ್ತಿದ್ದ, ಆಮೇಲೆ ತಾನೂ ಬಿಡುತ್ತಿದ್ದನೇನೋ. ಆದರೆ ನನ್ನನ್ನು ನೋಡುವಾಗ ಅವನ ಕಣ್ಣಲ್ಲಿದ್ದ ಆ ಬೆರಗು... ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

“ಕುಡ್ದು ಕುಡ್ದೇ ಬತ್ತದೆ ಕಣ್ಲಾ,” ಎಂದೆ. “ಗಂಡ್ಸಾದೋನು ಅರ್ದಕ್ಕೆ ಬುಡಬಾರ್ದು.”

ಅವನು ತಲೆಯಾಡಿಸಿದ. ಆಮೇಲೆ ಬಿಡಲೇ ಇಲ್ಲ. ಹೆಂಡ ಹೋಗಿ ಸಾರಾಯಿ ಬಂತು, ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಸ್ವಾತಂತ್ರ್ಯ ಬಂದ ವರ್ಷ, ಮಳವಳ್ಳಿಯ ಆಸ್ಪತ್ರೆಗೆಂದು ಗಾಡಿಯಲ್ಲಿ ಕರೆದೊಯ್ಯುವಾಗ ದಾರಿಯಲ್ಲೇ ಹೋದ.

ತಿಥಿಯ ದಿನ ನೀನು ಅವನಿಗಿಷ್ಟವೆಂದು ಎಡೆಯಲ್ಲಿ ಬಾಡಿನ ಪಕ್ಕಕ್ಕೆ ಹೆಂಡವನ್ನೂ ಇಟ್ಟೆ. ಎಡೆ ತೆಗೆದ ಮೇಲೆ ಹಿರಿಯರು ಅದನ್ನು ನನ್ನ ಕೈಗೇ ಕೊಟ್ಟರು. ಅವನ ಗುರು ನಾನಲ್ಲವೇ. ಅದು ನಿಜವಾದ ಹೆಂಡ. ಆಗಲೂ ನಾನು ಬಾಯಿ ಬಿಡಲಿಲ್ಲ. ಕುಡಿದೆ. ಹುಲ್ಲಿನ ಮೆದೆಯ ಹಿಂದೆ ಹೋಗಿ ಕಾರಿಕೊಂಡೆ. ನೀನು ಚೊಂಬಿನಲ್ಲಿ ನೀರು ತಂದು, “ಅಳ್ಬ್ಯಾಡ ಕಣಣ್ಣ, ನೀನಾರೂ ಗಟ್ಟಿಯಾಗಿರು” ಎಂದೆ. ಬಾಮೈದನ ಮೇಲೆ ಎಷ್ಟು ಪ್ರೀತಿ ನೋಡಿ ಎಂದರು ಬಂದವರು. ತಂಗಿ, ಅದು ದುಃಖವಾಗಿರಲಿಲ್ಲ. ನನ್ನ ಹೊಟ್ಟೆಗೆ ಹೆಂಡ ಒಗ್ಗುವುದಿಲ್ಲ, ಅಷ್ಟೆ.

ಈಗ ನಿನ್ನ ಮಗನ ಮದುವೆ ಗೊತ್ತಾಗಿದೆ. ಅವನ ಗೆಳೆಯರು ಈಗಿನಿಂದಲೇ ಅವನಿಗೆ ಕುಡಿಸಿ ಅಭ್ಯಾಸ ಮಾಡಿಸುತ್ತಿದ್ದಾರೆ. ಕುಡಿದರೆ ಮಾವನ ಹಾಗೆ, ಅಂದರೆ ನನ್ನ ಹಾಗೆ, ಕುಡಿಯಬೇಕಂತೆ. ಮೊನ್ನೆ ಆಲೆಮನೆಯಲ್ಲಿ ಅವರೆಲ್ಲರ ಎದುರು ಹೇಳಿಯೇಬಿಟ್ಟೆ — “ನಾನ್ ಯಾವತ್ತೂ ಕುಡ್ದೋನಲ್ಲ ಕಣ್ರಲಾ, ಅದು ಬರೀ ಗಂಜಿ.” ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಿನ್ನ ಮಗ.

“ಮಾವುಂಗೆ ಇನ್ನೂ ಇಳ್ದಿಲ್ಲ ಕಣ್ರಲಾ!” ಎಂದ.

ನಾನು ಹೇಳಿದರೆ ಅವನು ನಂಬುವುದಿಲ್ಲ. ನಂಬದ ಹಾಗೆ ಮಾಡಿಟ್ಟವನು ನಾನೇ. ಅವನ ಅಪ್ಪನಿಗೆ ನಾನು ಏನು ಹೇಳಿದೆ ಎಂಬುದನ್ನು ನಿನ್ನ ಬಾಯಿಂದ ಕೇಳಿದರೆ ನಂಬುತ್ತಾನೆ. ಆಮೇಲೆ ಅವನು ನನ್ನ ಮುಖ ನೋಡಲಾರ. ನೀನೂ ನೋಡಲಾರೆ. ಆದರೂ ಹೇಳು, ತಾಯಿ. ಇವತ್ತೇ ಹೇಳು.