ತಗ್ಗಿಸಿದ ಕಾರು

ತಿ. ನರಸೀಪುರದಲ್ಲಿ ನಾನು ವೀಲ್ ಅಲೈನ್‌ಮೆಂಟ್ ಮಾಡುತ್ತಿದ್ದಾಗ ಹದಿನಾರು ಗ್ರಾಮದ ಮೇಷ್ಟ್ರೊಬ್ಬರು ಕಾರು ತಂದರು. ಮುಂದಿನ ಹೊಸ ಟೈರುಗಳು ಒಳ ಅಂಚಿನಲ್ಲಿ ಮಾತ್ರ ಬೋಳಾಗಿದ್ದವು. ಬಗ್ಗಿ ನೋಡಿದೆ. ಕಾರು ನೆಲಕ್ಕೆ ಹತ್ತಿರವಾಗುವಂತೆ ಸಸ್ಪೆನ್ಷನ್ ತಗ್ಗಿಸಿದ್ದರು, ಅದರಿಂದ ಚಕ್ರಗಳು ಮೇಲ್ಗಡೆ ಒಳಕ್ಕೆ ವಾಲಿದ್ದವು.

“ಈ ವಯಸ್ಸಲ್ಲಿ ಹುಡುಗರ ಶೋಕಿ ಯಾಕೆ ಮೇಷ್ಟ್ರೇ?” ಎಂದು ಜೋರಾಗಿ ಕೇಳಿದೆ. ಗ್ಯಾರೇಜಿನವರೆಲ್ಲ ನಕ್ಕರು.

ಹಿಂದಿನ ಸೀಟಿನಲ್ಲಿದ್ದ ಅವರ ತಾಯಿಯನ್ನು ನಾನು ಗಮನಿಸಿರಲಿಲ್ಲ.

“ಶೋಕಿ ನಂದು ಕಣಪ್ಪಾ. ಕಾಲೆತ್ತಿ ಕಾರು ಅತ್ತಕಾಗಲ್ಲ ಅಂತ ಮಗ ಇಳಿಸವ್ನೆ. ನೀನು ಮತ್ತೆ ಎತ್ತರಿಸಿಬುಟ್ಟೀಯಾ?”

ಮುಖ ಎಲ್ಲಿಡಲೆಂದು ತಿಳಿಯಲಿಲ್ಲ. ಎತ್ತರಿಸಲಿಲ್ಲ. ಆಕೆಯನ್ನು ಕೆಳಗಿಳಿಸಿ ಕೂರಿಸಿ, ಕಾರು ತಗ್ಗಿದ್ದ ಹಾಗೆಯೇ ಚಕ್ರಗಳನ್ನು ನೆಟ್ಟಗೆ ಮಾಡಿಕೊಟ್ಟೆ. ಹೊರಡುವಾಗ ಆಕೆ ನನ್ನ ಭುಜ ಹಿಡಿದೇ ಕಾರು ಹತ್ತಿದರು.

“ನಿಂಗೂ ವಯಸ್ಸಾಯ್ತದೆ. ಒಂದು ತಗ್ಗು ಕಾರು ಮಡಿಕೋ” ಎಂದರು.

ನನಗೂ ವಯಸ್ಸಾಯಿತು. ಈಗ ಮಗನ ಜೀಪಿಗೆ ಸ್ಟೂಲು ಇಟ್ಟುಕೊಂಡು ಹತ್ತುತ್ತೇನೆ.