ಮೇಸ್ತ್ರಿಯ ಮೂಲೆ ಹಲಗೆ

ನಮ್ಮ ಮರಗೆಲಸದ ಮೇಸ್ತ್ರಿ ಪೆನ್ಸಿಲನ್ನು ಕಿವಿಯ ಮೇಲಿಡುತ್ತಿರಲಿಲ್ಲ, ಕೂದಲಿಗೆ ಸಿಕ್ಕಿಸುತ್ತಿದ್ದರು. ಆ ದಟ್ಟ ಗುಂಗುರಿನಿಂದ ಅದು ಒಮ್ಮೆಯೂ ಜಾರಿದ್ದನ್ನು ನಾನು ಕಾಣೆ. ಹಳಿಯಾಳ ಕಡೆಯ ಸಿದ್ದಿಯವರು. ಯಾವ ಕಾಲದಲ್ಲೋ ಆಫ್ರಿಕಾದಿಂದ ಬಂದವರ ವಂಶ, ಕ್ರೈಸ್ತರ ಮನೆ. ಎಪ್ಪತ್ತರ ದಶಕದಲ್ಲಿ ನಾನು ಹೊಳಲ್ಕೆರೆಯಲ್ಲಿ ಟೀಚರಾಗಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದರು.

ಒಂದು ರಂಜಾನಿನಲ್ಲಿ ಅವರು ಮುಸಲ್ಮಾನರಾದರು. ಬೀದಿಯಲ್ಲೆಲ್ಲ ಗುಸುಗುಸು. ನನ್ನ ಬಾಯಿ ಸುಮ್ಮನಿರಬೇಕಲ್ಲ, ನೇರವಾಗಿ ಕೇಳಿಯೇಬಿಟ್ಟೆ.

"ಎಲ್ಲಿ ಹೋದ್ರೂ ನಂಗೆ ಲೋಟ ಬೇರೆ ಇಡ್ತಿದ್ರು, ಟೀಚರಮ್ಮ. ಮರ ಕೊಯ್ಯೋ ಸಾಮಿಲ್ ಸಾಬ್ರು ತಮ್ಮ ತಟ್ಟೇಲೇ ಕೈ ಹಾಕು ಅಂದ್ರು. ಆಮೇಲೆ ಅವರ ಜತೆ ನಮಾಜಿಗೆ ನಿಂತೆ, ಮನ್ಸಿಗೆ ಹಿತ ಆತು. ಯೇಸುಸ್ವಾಮಿ ಮೇಲೆ ಸಿಟ್ಟೇನಿಲ್ರಿ."

ನಾನು ತಲೆ ತಗ್ಗಿಸಿದೆ. ನಮ್ಮ ಜಗುಲಿಯ ಗೂಡಿನಲ್ಲೂ ಅವರ ಲೋಟ ಬೇರೆಯೇ ಇತ್ತು. ಮಾತು ಮರೆಸಲು, "ಟೋಪಿ ಬಂತು, ಇನ್ನು ಪೆನ್ಸಿಲ್ ಎಲ್ಲಿಡ್ತೀರಿ?" ಅಂದೆ. ಜೋರಾಗಿ ನಕ್ಕುಬಿಟ್ಟರು.

ಆದರೆ ಊರಿನಲ್ಲಿದ್ದ ತಾಯಿಗೆ ಹೇಳುವುದು ಹೇಗೆ? ಮೇಸ್ತ್ರಿಗೆ ಓದುಬರಹ ಬಾರದು. ಊರಿಗೆ ಕಾಗದ ಬರೆದುಕೊಡುತ್ತಿದ್ದವಳು ನಾನು. ಅಲ್ಲಿ ಅದನ್ನು ತಾಯಿಗೆ ಓದಿ ಹೇಳುತ್ತಿದ್ದವರು ಇಗರ್ಜಿಯ ಪಾದ್ರಿಗಳು! "ಆರೋಗ್ಯ ಐತೆ ಅಂತಷ್ಟೇ ಬರೀರಿ" ಎನ್ನುತ್ತಿದ್ದರು ಮೇಸ್ತ್ರಿ. ಒಂದು ವರ್ಷ ಅವರ ಆರೋಗ್ಯವನ್ನೇ ಬರೆದೆ.

ಕ್ರಿಸ್‌ಮಸ್ ಮುಗಿದ ವಾರ ತಾಯಿಯೇ ಬಸ್ಸಿಳಿದು ಬಂದುಬಿಟ್ಟರು. ಕೊರಳಲ್ಲಿ ಶಿಲುಬೆ, ಕಂಕುಳಲ್ಲಿ ಬಟ್ಟೆಗಂಟು. ಬಾಗಿಲಲ್ಲಿ ಟೋಪಿ ತೊಟ್ಟ ಮಗ. "ಅವ್ವಾ, ನಾನು..." ಎನ್ನುತ್ತ ಟೋಪಿಗೆ ಕೈ ಹಾಕಿದರು. ನಾನು ಬೇಲಿಯಾಚೆಯಿಂದ ನೋಡುತ್ತಿದ್ದೆ. ಈ ತಾಯಿ ಬಂದ ದಾರಿಯಲ್ಲೇ ಹಿಂತಿರುಗಿದರೆ ಮೇಸ್ತ್ರಿ ಉಳಿಯುವುದಿಲ್ಲ ಅನ್ನಿಸಿತು.

ತಾಯಿ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಿರಿಯರಿಗೆ ಇಡೂದು ಬಿಟ್ಟೀಯೇನೋ?"

ಮೇಸ್ತ್ರಿ ತಾಯಿಯ ಕೈ ಹಿಡಿದು ಒಳಗೆ ಕರೆದೊಯ್ದರು. ನಾನೂ ನಾಚಿಕೆಬಿಟ್ಟು ಹಿಂದೆಯೇ ನುಗ್ಗಿದೆ. ಅಡುಗೆಮನೆಯ ಮೂಲೆಯಲ್ಲಿ ತೇಗದ ಪುಟ್ಟ ಹಲಗೆ, ಅದರ ಮೇಲೊಂದು ತೆಂಗಿನಕಾಯಿ. ತೀರಿಕೊಂಡ ಹಿರಿಯರು ಅಲ್ಲಿರುತ್ತಾರಂತೆ. ಮನೆಯವರು ಯಾವ ಮತದವರಾದರೂ ಹಿರಿಯರಿಗೆ ಎಡೆ ಇಡುವುದು ಸಿದ್ದಿಗಳಲ್ಲಿ ಪದ್ಧತಿ.

"ಹಂಗಾರ ಆತು ಬಿಡು," ಎಂದರು ತಾಯಿ. "ನಿಮ್ಮಜ್ಜಿ ತವರುಮನಿಯವರೂ ಸಾಬರ. ಲಗ್ನದಾಗ ಎಲ್ಲಾರೂ ಕೂಡೇ ಕುಣೀತೀವಿ. ಇಷ್ಟಕ್ಕ ವರ್ಷಾನಗಟ್ಟಲೆ ಬರೇ ಆರೋಗ್ಯ ಬರಸ್ದ್ಯಾ? ಓದಿ ಓದಿ ಪಾದ್ರಿಗೋಳೂ ಬ್ಯಾಸತ್ರು!"

ಅಯ್ಯೋ, ಆ ನಗು! ತಾಯಿ ಖಾಲಿ ಸೀಮೆಎಣ್ಣೆ ಡಬ್ಬ ಮಗುಚಿ ಬಾರಿಸಿದರು, ಮಗ ಕುಣಿದರು. ಟೋಪಿ ಹಾರಿಬಿತ್ತು. ನೋಡಿದರೆ ಗುಂಗುರಿನಲ್ಲಿ ಪೆನ್ಸಿಲು! ನಾನು ಮನೆಗೆ ಓಡಿ, ಇಬ್ಬರಿಗೂ ನಾವು ಕುಡಿಯುವ ಲೋಟಗಳಲ್ಲೇ ಕಾಫಿ ತಂದೆ, ಮೇಸ್ತ್ರಿಗೆ ನಮ್ಮಪ್ಪನ ಹಿತ್ತಾಳೆ ಲೋಟದಲ್ಲಿ ಕೊಟ್ಟೆ. ಮೇಸ್ತ್ರಿ ಲೋಟ ನೋಡಿದರು, ನನ್ನ ಮುಖ ನೋಡಿದರು, ಕುಡಿದರು.

ಮೇಸ್ತ್ರಿ ತೀರಿಕೊಂಡು ಬಹಳ ವರ್ಷಗಳಾದವು. ನಮ್ಮ ಮನೆಯ ಹಿರಿಯರ ಹಬ್ಬಕ್ಕೆ ನಾನು ಒಂದು ಎಡೆ ಹೆಚ್ಚಿಗೆ ಇಡುತ್ತೇನೆ. "ಇದ್ಯಾರದು ಅತ್ತೆ?" ಎಂದು ಸೊಸೆ ಕೇಳಿದ್ದಳು. "ನಮ್ಮ ಮೇಸ್ತ್ರೀದು ಕಣೇ" ಅಂದೆ. ಪಕ್ಕದಲ್ಲಿ ನೀರು ಇಡುವುದು ನಮ್ಮಪ್ಪನ ಲೋಟದಲ್ಲೇ.